ಪರದೆಯ ಮೇಲಿನ ಅಪಪಾಠ

ಓಲೆಗರಿಗಳನ್ನು ಪರಿಶೋಧಿಸುವವರು ಪಾಠ ಕೆಟ್ಟಿರುವುದನ್ನು ಕಂಡೊಡನೆ ಲಿಪಿಕಾರನನ್ನು ಶಂಕಿಸುತ್ತಾರೆ. ಗಣಕಯಂತ್ರದ ಪರದೆಯ ಮೇಲೆ ಕನ್ನಡ ಕೆಟ್ಟು ತೋರಿದಾಗ ಈ ಶಂಕೆ ಬಹುಮಟ್ಟಿಗೆ ಅನ್ಯಾಯವೇ ಸರಿ. ಬರೆದವನು ನೆಟ್ಟಗೆ ಬರೆದಿರುತ್ತಾನೆ; ಓದುವ ಯಂತ್ರ ಬೇರೊಂದು ಕೋಷ್ಟಕವನ್ನು ಹಿಡಿದು ಕುಳಿತಿರುತ್ತದೆ.

ಯಂತ್ರ ಬಲ್ಲದ್ದು ಅಂಕಿಯನ್ನು ಮಾತ್ರ. ಯಾವ ಅಂಕಿಗೆ ಯಾವ ಅಕ್ಷರವೆಂಬುದು ಮನುಷ್ಯರ ಒಪ್ಪಂದ. 1963ರಲ್ಲಿ ಅಮೆರಿಕದಲ್ಲಿ ಏರ್ಪಟ್ಟ ಆಸ್ಕಿ ಕೋಷ್ಟಕದಲ್ಲಿದ್ದುದು 128 ಸ್ಥಾನ. ಇಂಗ್ಲಿಷಿಗೆ ಅಷ್ಟು ಸಾಕಾಯಿತು. ಕನ್ನಡಕ್ಕೆ ಅಲ್ಲಿ ಮಣೆ ಹಾಕುವವರಾರು? ನಮ್ಮವರು ಒಂದು ಉಪಾಯ ಹೂಡಿದರು. ರೋಮನ್ ಅಕ್ಷರಗಳ ಅಂಕಿಗಳನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಅವುಗಳ ಮುಖಕ್ಕೆ ಕನ್ನಡದ ಬಣ್ಣ ಬಳಿದರು. ಜಾಣತನವೇನೋ ಹೌದು. ಆದರೆ ಆ ಫಾಂಟಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಉಳಿಯುತ್ತಿತ್ತು. ಸಾಲದ್ದಕ್ಕೆ ತಯಾರಕರೊಬ್ಬೊಬ್ಬರದೂ ಒಂದೊಂದು ಬಗೆಯ ಬಣ್ಣ.

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಟಿತು. ಭಾರತದ ಇಸ್ಕಿ ಕೋಷ್ಟಕದ 1988ರ ಕ್ರಮವನ್ನು ಅನುಸರಿಸಿ, ಕನ್ನಡಕ್ಕೆಂದೇ ಅದರಲ್ಲಿ 128 ಸ್ಥಾನಗಳನ್ನು ಮೀಸಲಿಟ್ಟರು. ಮರುವರ್ಷ ಕೆನ್ ಥಾಮ್ಸನ್, ರಾಬ್ ಪೈಕ್ ಎಂಬಿಬ್ಬರು ಆ ಸಂಖ್ಯೆಗಳನ್ನು ಬೈಟುಗಳಾಗಿ ಕಟ್ಟುವ ಯುಟಿಎಫ್-8 ಕ್ರಮವನ್ನು ರೂಪಿಸಿದರು. ಇದರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟು ಬೇಕು. ಬ್ರೌಸರು ಇದನ್ನರಿಯದೆ ಪಶ್ಚಿಮ ಯೂರೋಪಿನ ಹಳೆಯ ಕೋಷ್ಟಕವನ್ನು ಹಿಡಿದರೆ ಮೂರು ಬೈಟುಗಳನ್ನು ಮೂರು ಅಕ್ಷರಗಳೆಂದೇ ಓದುತ್ತದೆ. 'ಕ' ಎಂಬುದು ತಲೆಯ ಮೇಲೆ ಓರೆಗೀಟುಳ್ಳ ರೋಮನ್ 'ಎ', ಮೇಲಕ್ಕೇರಿದ ಪುಟ್ಟ 2, ಒಂದು ದಪ್ಪ ಚುಕ್ಕಿ, ಹೀಗೆ ಒಡೆದು ನಿಲ್ಲುತ್ತದೆ. ಗೀಟಿನ 'ಎ' ಪುಟದ ತುಂಬ ಮತ್ತೆ ಮತ್ತೆ ಕಂಡರೆ ರೋಗ ಇದೇ ಎಂದು ತಿಳಿಯಬಹುದು. ಮೂಲಪಾಠ ಒಳಗೆ ಸುರಕ್ಷಿತವಾಗಿರುತ್ತದೆ. ತಾನು ಯುಟಿಎಫ್-8 ಎಂದು ಪುಟ ತನ್ನ ಮೊದಲ 1024 ಬೈಟುಗಳೊಳಗೆ ಹೇಳಿಕೊಂಡರೆ ಸಾಮಾನ್ಯವಾಗಿ ಗುಣವಾಗುತ್ತದೆ. ಸರ್ವರು ಬೇರೆ ಹೆಸರು ಹೇಳಿ ಕಳುಹಿಸಿದ್ದರೆ ಮಾತ್ರ ಕಷ್ಟ. ಬ್ರೌಸರು ಪುಟದ ಮಾತಿಗಿಂತ ಸರ್ವರಿನ ಮಾತಿಗೆ ಹೆಚ್ಚು ಬೆಲೆ ಕೊಡುತ್ತದೆ. ಇನ್ನು ಬರಿಯ ಚೌಕಗಳು ಕಂಡರೆ ಅಂಕಿ ಸರಿಯಿದೆ, ಫಾಂಟಿಲ್ಲ ಎಂದರ್ಥ. ಅದು ದೊಡ್ಡ ರೋಗವಲ್ಲ.

ನನಗೆ ಚಿಂತೆಯಿರುವುದು ವೇಷಧಾರಿಗಳದು. ಯೂನಿಕೋಡ್ ಬಂದ ಮೇಲೂ ಎಷ್ಟೋ ವರ್ಷ ನಮ್ಮ ಸಂಶೋಧನ ಪ್ರಬಂಧಗಳನ್ನೂ ಪತ್ರಿಕೆಗಳನ್ನೂ ಆ ಹಳೆಯ ಫಾಂಟುಗಳಲ್ಲೇ ಜೋಡಿಸುತ್ತಿದ್ದರು. ಅವುಗಳಿಗೆ ಯುಟಿಎಫ್-8 ಎಂದು ಹೆಸರು ಹಚ್ಚಿದರೆ ಪ್ರಯೋಜನವಿಲ್ಲ, ಒಳಗಿರುವುದು ರೋಮನ್ ಅಂಕಿಗಳೇ ತಾನೆ? ಕಡತದ ಒಳಗನ್ನು ಹುಡುಕುವ ಯಂತ್ರದ ಪಾಲಿಗೆ ಅಲ್ಲಿ ಪಂಪನೂ ಇಲ್ಲ, ಬಸವಣ್ಣನೂ ಇಲ್ಲ. ಯಾವ ಫಾಂಟಿನಲ್ಲಿ ಬರೆದದ್ದೆಂಬುದು ತಿಳಿದಿದ್ದರೆ, ಅದರ ಕೋಷ್ಟಕವೂ ಸಿಕ್ಕರೆ, ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ತರಬಹುದು. ತಂದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ ನೋಡಬೇಕು. ಫಾಂಟಿನ ಹೆಸರನ್ನು ಕಡತದ ಜೊತೆಗೆ ಬರೆದಿಟ್ಟವರು ನಮ್ಮಲ್ಲಿ ವಿರಳ.