ನಿವೃತ್ತಿವೇತನವೂ ನೌಕರರ ಮುಷ್ಕರವೂ

ಮನುಷ್ಯನು ದೇಹದಲ್ಲಿ ಕಸುವಿರುವವರೆಗೆ ದುಡಿಯುತ್ತಾನೆ. ಕಸುವು ಉಡುಗಿದ ಮೇಲೆ ಯಾರ ಆಸರೆಯಿಂದ ಬಾಳಬೇಕು? ಈ ಪ್ರಶ್ನೆ ಹೊಸದಲ್ಲ. ನಮ್ಮ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿ ಕಾಯಕದ ಹಿರಿಮೆಯನ್ನು ನಾಡಿಗೆ ತೋರಿಸಿಕೊಟ್ಟರು. ಕಾಯಕ ಮಾಡುವವನಿಗೆ ಮರ್ಯಾದೆ ಸಲ್ಲಬೇಕಾದರೆ ಕಾಯಕ ಮಾಡಿ ದಣಿದವನಿಗೂ ಅದು ಸಲ್ಲಬೇಕು. ಈ ಮಾತು 2023ರ ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರದ ಬೀದಿಬೀದಿಗಳಲ್ಲಿ ಘೋಷಣೆಯಾಗಿ ಕೇಳಿಬಂದುದನ್ನು ವಾಚಕರು ಮರೆತಿರಲಾರರು. ಅದರ ಹಿಂದಿರುವ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪಿಂಚಣಿ ಎಂಬ ಶಬ್ದವು ಆಂಗ್ಲರಿಂದ ಬಂದುದಾದರೂ ಆ ಭಾವನೆ ನಮ್ಮ ದೇಶದಲ್ಲಿ ಮೊದಲಿನಿಂದಲೂ ಇದ್ದಿತು. ಸೇವೆಯಲ್ಲಿದ್ದಾಗ ಮಡಿದವನ ಹೆಂಡತಿಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಶುಕ್ರನೀತಿಯಂತೂ ನಾಲ್ವತ್ತು ವರ್ಷ ಸೇವೆ ಸಲ್ಲಿಸಿದವನಿಗೆ ಮುಂದೆ ಕೆಲಸವಿಲ್ಲದೆಯೇ ಅರ್ಧವೇತನವನ್ನು ಜೀವಾವಧಿ ಕೊಡಬೇಕೆಂದು ಹೇಳುತ್ತದೆ. ಆ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಅರ್ಧವೇತನವೆಂಬ ಅಳತೆಯನ್ನು ಗಮನದಲ್ಲಿಡಬೇಕು, ಅದು ಮುಂದೆ ಮತ್ತೆ ಬರಲಿದೆ. ಕನ್ನಡ ಶಾಸನಗಳಲ್ಲಿ ಕಾಣುವ ನೆತ್ತರುಗೊಡಗೆ, ಬಾಳ್ಗಳ್ಚು ಮುಂತಾದ ಭೂಮಿದಾನಗಳು ಯುದ್ಧದಲ್ಲಿ ಮಡಿದ ವೀರನ ಮನೆತನಕ್ಕೆ ಅರಸನು ಮಾಡಿಕೊಟ್ಟ ಜೀವನೋಪಾಯಗಳೇ ಆಗಿವೆ.

ಆದರೆ ಇವೆಲ್ಲ ಅರಸನ ಅನುಗ್ರಹಗಳು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಬ್ರಿಟಿಷರು 1871ರಲ್ಲಿ ಮಾಡಿದ ಪಿಂಚಣಿ ಕಾಯಿದೆಯೂ ಈ ಭಾವನೆಯನ್ನೇ ಉಳಿಸಿಕೊಂಡಿತು. ಪಿಂಚಣಿಯ ವಿಷಯವಾಗಿ ಅಧಿಕಾರಿಯ ಅನುಮತಿಯಿಲ್ಲದೆ ದಿವಾಣಿ ನ್ಯಾಯಾಲಯದಲ್ಲಿ ದಾವೆ ಹೂಡಲು ಅದು ಆಸ್ಪದ ಕೊಡಲಿಲ್ಲ. ಅನುಗ್ರಹವು ಹಕ್ಕಾಗಿ ಮಾರ್ಪಡಲು ಮತ್ತೆ ನೂರು ವರ್ಷಗಳೇ ಬೇಕಾದವು. 1971ರಲ್ಲಿ ದೇವಕೀನಂದನ ಪ್ರಸಾದ ಅವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ನಿವೃತ್ತಿವೇತನವು ನೌಕರನ ಹಕ್ಕೆಂದು ಸಾರಿತು. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯ ತೀರ್ಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿವೃತ್ತಿವೇತನವು ದಾನವಲ್ಲ, ಯಜಮಾನನ ಕೃಪೆಯೂ ಅಲ್ಲ, ಸಲ್ಲಿಸಿದ ಸೇವೆಗಾಗಿ ಬರುವ ಪ್ರತಿಫಲವೆಂದು ನಿರ್ಣಯಿಸಿತು. ನಿವೃತ್ತ ನೌಕರರು ಪ್ರತಿವರ್ಷ ಆ ದಿನವನ್ನು ಪಿಂಚಣಿದಾರರ ದಿನವನ್ನಾಗಿ ಆಚರಿಸುವುದು ಈ ಕಾರಣದಿಂದಲೇ.

ನೌಕರವರ್ಗವು ಈ ಅವಧಿಯಲ್ಲಿ ಸಂಘಟಿತವಾಗಿಯೂ ಬೆಳೆಯಿತು. 1960ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರದ ನೌಕರರು ಮುಷ್ಕರ ಹೂಡಿದರು. 1974ರ ಮೇ ತಿಂಗಳಲ್ಲಿ ನಡೆದ ರೈಲ್ವೆ ಮುಷ್ಕರದ ಮುಂದಾಳುವಾದ ಜಾರ್ಜ್ ಫರ್ನಾಂಡಿಸರು ನಮ್ಮ ಮಂಗಳೂರಿನವರು. ಮಹಾರಾಷ್ಟ್ರದ ರಾಜ್ಯ ನೌಕರರು ರ. ಗ. ಕರ್ಣಿಕರ ನೇತೃತ್ವದಲ್ಲಿ 1977ರ ಡಿಸೆಂಬರ್ 14ರಿಂದ 54 ದಿನಗಳವರೆಗೆ ಮುಷ್ಕರ ನಡೆಯಿಸಿದರು. ಕೇಂದ್ರದ ದರದಲ್ಲಿಯೇ ತುಟ್ಟಿಭತ್ಯ ದೊರೆಯಬೇಕೆಂಬುದು ಅವರ ಬೇಡಿಕೆ. ಆಗ ಪಿಂಚಣಿಗೆ ಕುತ್ತು ಬಂದಿರಲಿಲ್ಲ. ಜಗಳವೆಲ್ಲ ಇಂದಿನ ಸಂಬಳದ್ದಾಗಿತ್ತು, ನಾಳೆಯ ಬುತ್ತಿಯದಾಗಿರಲಿಲ್ಲ.

ಕುತ್ತು ಬಂದುದು ಹೊಸ ಶತಮಾನದ ಆರಂಭದಲ್ಲಿ. 2004ರ ಜನವರಿ 1ರಿಂದ ಸೇರುವ ಕೇಂದ್ರ ನೌಕರರಿಗೆ, ಸೈನ್ಯವನ್ನು ಬಿಟ್ಟು, ಹಳೆಯ ಪಿಂಚಣಿ ನಿಂತುಹೋಯಿತು. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದಲೂ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ಅದೇ ದಾರಿ ಹಿಡಿಯಲಾಯಿತು. ಗಡಿಯ ಆಚೆಯ ಕನ್ನಡಿಗನಿಗೂ ಈಚೆಯ ಕನ್ನಡಿಗನಿಗೂ ಐದು ತಿಂಗಳ ಅಂತರದಲ್ಲಿ ಒಂದೇ ಗತಿಯಾಯಿತು.

ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಸರಳವಾಗಿ ಹೇಳಬಹುದು. ಹಳೆಯ ಪದ್ಧತಿಯಲ್ಲಿ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ. ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯ. ಮರಣಾನಂತರ ಕುಟುಂಬಕ್ಕೆ ಕುಟುಂಬ ಪಿಂಚಣಿ. ಹೊಸದರಲ್ಲಿ ನೌಕರನು ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯಗಳ ನೂರಕ್ಕೆ 10ರಷ್ಟನ್ನು ಕೂಡಿಡಬೇಕು. ಸರಕಾರವೂ ಮೊದಲು ಅಷ್ಟನ್ನೇ, ಅನಂತರ ನೂರಕ್ಕೆ 14ರಷ್ಟನ್ನು ಕೂಡಿಸುತ್ತದೆ. ಆ ಹಣವನ್ನು ಪೇಟೆಯಲ್ಲಿ ತೊಡಗಿಸಲಾಗುತ್ತದೆ. ನಿವೃತ್ತಿಯ ಕಾಲಕ್ಕೆ ನೂರಕ್ಕೆ 60ರಷ್ಟು ಕೈಗೆ ಬರುತ್ತದೆ. ಉಳಿದ 40ರಿಂದ ಮಾಸಿಕ ವರ್ಷಾಸನವನ್ನು ಕೊಳ್ಳಬೇಕು ಎಂಬುದು ಮೂಲ ಏರ್ಪಾಡು.

ಉದಾಹರಣೆಗೆ, ಒಬ್ಬ ಶಿಕ್ಷಕನ ಕೊನೆಯ ಮೂಲವೇತನ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯ ಲೆಕ್ಕದಂತೆ ಅವನಿಗೆ 30,000 ರೂಪಾಯಿ ಪಿಂಚಣಿಯೂ ಅದರ ಮೇಲೆ ತುಟ್ಟಿಭತ್ಯವೂ ದೊರೆಯುತ್ತವೆ. ಹೊಸ ಲೆಕ್ಕದಲ್ಲಿ ಅವನ ಖಾತೆಯಲ್ಲಿ 40 ಲಕ್ಷ ಕೂಡಿದ್ದರೆ 24 ಲಕ್ಷ ಕೈಗೆ ಬಂದು, ಉಳಿದ 16 ಲಕ್ಷಕ್ಕೆ ನೂರಕ್ಕೆ 6ರ ದರದಲ್ಲಿ ತಿಂಗಳಿಗೆ 8,000 ರೂಪಾಯಿಯಾಗುತ್ತದೆ. ಧಾರಣೆ ಏರಿದರೂ ಆ ಎಂಟು ಸಾವಿರ ಏರದು. ಕೈಗೆ ಬಂದ 24 ಲಕ್ಷವು ಮಗಳ ಮದುವೆಗೋ ಮನೆಯ ಸಾಲಕ್ಕೋ ಸಂದುಹೋದರೆ ಮುಂದಿನ ಇಪ್ಪತ್ತು ವರ್ಷಗಳ ಗತಿಯೇನು ಎಂಬುದೇ ನೌಕರರ ಅಳಲು.

ಈ ಅಳಲು ಸಿಡಿದು 2023ರ ಮಾರ್ಚ್ ತಿಂಗಳಲ್ಲಿ ಗಡಿಯ ಎರಡೂ ಕಡೆ ಮುಷ್ಕರವಾಯಿತು. ಮಾರ್ಚ್ 1ರಂದು ಕರ್ನಾಟಕದ ನೌಕರರು ವೇತನ ಪರಿಷ್ಕರಣೆ ಮತ್ತು ಹಳೆಯ ಪಿಂಚಣಿಗಳಿಗಾಗಿ ಕೆಲಸ ನಿಲ್ಲಿಸಿದರು. ನೂರಕ್ಕೆ 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾದುದರಿಂದ ಅದೇ ದಿನ ಮುಷ್ಕರ ಮುಗಿಯಿತು. ಮಹಾರಾಷ್ಟ್ರದಲ್ಲಿ ಮಾರ್ಚ್ 14ರಿಂದ 17 ಲಕ್ಷಕ್ಕೂ ಮಿಕ್ಕಿದ ನೌಕರರು ಮುಷ್ಕರಕ್ಕೆ ಕರೆಕೊಟ್ಟರು. ‘ಏಕಚ್ ಮಿಷನ್, ಜುನೀ ಪೆನ್ಶನ್’ ಎಂಬ ಮರಾಠಿ ಘೋಷಣೆಯನ್ನು ಕನ್ನಡ ಶಾಲೆಗಳ ಗುರುಗಳೂ ಕೂಗಿದರು. ಹಸಿವಿಗೆ ಭಾಷೆಯ ಭೇದವೆಲ್ಲಿಯದು? ಶಾಸನಸಭೆಯು ಅದೇ ದಿನಗಳಲ್ಲಿ ಅಗತ್ಯ ಸೇವೆಗಳ ನಿರ್ವಹಣೆಯ ವಿಧೇಯಕವನ್ನು ಅಂಗೀಕರಿಸಿತು. ಅಂತೂ ಮಾರ್ಚ್ 20ರಂದು ಮುಖ್ಯಮಂತ್ರಿ ಏಕನಾಥ ಶಿಂದೆಯವರೊಡನೆ ಮಾತುಕತೆಯಾಗಿ, ಮೂವರು ನಿವೃತ್ತ ಅಧಿಕಾರಿಗಳ ಸಮಿತಿಯ ಭರವಸೆಯ ಮೇಲೆ ಮುಷ್ಕರವು ಹಿಂತೆಗೆಯಲ್ಪಟ್ಟಿತು.

ಇತಿಹಾಸ ಬರೆಯುವವನು ಒಂದೇ ಪಕ್ಷದ ವಕೀಲನಾಗಬಾರದು. ಅದು ಪರೀಕ್ಷೆಗಳ ಕಾಲ. ಆಸ್ಪತ್ರೆಗಳಲ್ಲಿ ರೋಗಿಗಳು ಬವಣೆಪಟ್ಟರು. ಅಕಾಲ ಮಳೆಯಿಂದ ಬೆಳೆ ಕಳೆದುಕೊಂಡ ರಾಜ್ಯದ ಹಲವೆಡೆಯ ರೈತರಿಗೆ ಪಂಚನಾಮೆ ವಿಳಂಬವಾಯಿತು. ಸರಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲವೆಂದು ಸುಪ್ರೀಮ್ ಕೋರ್ಟು 2003ರಲ್ಲಿ, ತಮಿಳುನಾಡಿನ ಮುಷ್ಕರದ ಸಂದರ್ಭದಲ್ಲಿ, ಹೇಳಿದ್ದುಂಟು. ಪಿಂಚಣಿಯ ಭಾರವು ಬೊಕ್ಕಸವನ್ನು ಕುಗ್ಗಿಸಿದರೆ ರಸ್ತೆ, ನೀರು, ಶಾಲೆಗಳಿಗೆ ಹಣವೆಲ್ಲಿಂದ ಬರಬೇಕೆಂಬ ಸರಕಾರದ ಪ್ರಶ್ನೆಯೂ ಪೊಳ್ಳಲ್ಲ. ಇನ್ನು ಸೊಲ್ಲಾಪುರದವರಾದ ನಾವು ಮತ್ತೊಂದು ಮಾತನ್ನು ನೆನೆಯಲೇಬೇಕು. 1877ರ ಹಳೆಯ ಗಿರಣಿಯಿಂದ ಮೊದಲ್ಗೊಂಡು ಈ ಊರನ್ನು ಬೆಳೆಸಿದ ನೇಕಾರರು, ಕೂಲಿಗಳು, ಬೀಡಿ ಕಟ್ಟುವ ತಾಯಂದಿರು ಇಂತಹ ಪಿಂಚಣಿಯನ್ನು ಕಂಡವರಲ್ಲ. ಖಾಸಗಿ ದುಡಿಮೆಗಾರರಿಗೆ 1995ರಲ್ಲಿ ಆರಂಭವಾದ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ ರೂಪಾಯಿ ಮಾತ್ರ. ಹಾಗೆಂದು ಒಬ್ಬನಿಗಿಲ್ಲವೆಂದು ಇನ್ನೊಬ್ಬನ ತಟ್ಟೆಯನ್ನು ಕಸಿಯುವುದು ನ್ಯಾಯವಲ್ಲ. ಇಲ್ಲದವನಿಗೂ ಬಡಿಸುವುದೇ ನ್ಯಾಯ.

ಮುಷ್ಕರವು ನಿಷ್ಫಲವಾಗಲಿಲ್ಲ. ಹೊಸ ಯೋಜನೆಯವರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಕುಟುಂಬ ಪಿಂಚಣಿ ಕೊಡುವ ಆದೇಶವು 2023ರಲ್ಲಿಯೇ ಬಂದಿತು. 2005ರ ನವೆಂಬರಿಗಿಂತ ಮೊದಲು ಜಾಹೀರಾತಾಗಿ ಅನಂತರ ನೇಮಕಗೊಂಡ ಸುಮಾರು 26,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿಯ ಆಯ್ಕೆ ದೊರೆಯಿತು. ಅದೇ ತಿಂಗಳು ಕರ್ನಾಟಕವೂ ತನ್ನ ಸುಮಾರು 13,000 ನೌಕರರಿಗೆ ಅಂತಹದೇ ನ್ಯಾಯ ಒದಗಿಸಿತು. 2024ರ ಆಗಸ್ಟ್ 24ರಂದು ಕೇಂದ್ರವು ಏಕೀಕೃತ ಪಿಂಚಣಿ ಯೋಜನೆಯನ್ನು ಒಪ್ಪಿತು. ಮರುದಿನವೇ ಅದನ್ನು ಸ್ವೀಕರಿಸಿದ ಮೊದಲ ರಾಜ್ಯ ಮಹಾರಾಷ್ಟ್ರ. ಇಪ್ಪತ್ತೈದು ವರ್ಷ ದುಡಿದವನಿಗೆ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯ ಅರ್ಧ ಎಂಬುದೇ ಅದರ ತಿರುಳು. ಶುಕ್ರನೀತಿಯ ಅರ್ಧವೇತನವು ಮತ್ತೆ ಬಂದಂತಾಯಿತು. ಆದರೆ ನೌಕರನ ವಂತಿಗೆ ಇದರಲ್ಲಿ ತಪ್ಪಿಲ್ಲವಾದುದರಿಂದ ಎಲ್ಲರಿಗೂ ಇದು ತೃಪ್ತಿಕರವೆನಿಸಿಲ್ಲ.

ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡಿಗರಿಗೆ ಈ ಇತಿಹಾಸವು ಏಕೆ ಮುಖ್ಯ? ಇಲ್ಲಿ ಕನ್ನಡವು ಉಳಿದಿರುವುದು ಜಿಲ್ಲಾ ಪರಿಷತ್ತಿನ ಮತ್ತು ಅನುದಾನಿತ ಸಂಸ್ಥೆಗಳ ಕನ್ನಡ ಶಾಲೆಗಳಿಂದ. ಆ ಶಾಲೆಗಳು ಉಳಿದಿರುವುದು ಶಿಕ್ಷಕರಿಂದ. ಮುಪ್ಪಿನ ಭರವಸೆಯಿಲ್ಲದ ವೃತ್ತಿಗೆ ಬುದ್ಧಿವಂತ ತರುಣರು ಬರಲೊಲ್ಲರು. ವಾಚನಾಲಯಗಳನ್ನು ತೆರೆದಿಡುವವರು, ಸಂಘಗಳ ಲೆಕ್ಕ ಬರೆಯುವವರು, ಬಡ ವಿದ್ಯಾರ್ಥಿಯ ಶುಲ್ಕ ತುಂಬುವವರು ಎಷ್ಟೋ ಊರುಗಳಲ್ಲಿ ನಿವೃತ್ತ ಗುರುಗಳೇ. ಅವರ ಪಿಂಚಣಿಯು ಒಂದು ಮನೆಯ ಒಲೆಯನ್ನಷ್ಟೇ ಉರಿಸುವುದಲ್ಲ, ಗಡಿನಾಡಿನ ಕನ್ನಡದ ದೀಪಕ್ಕೂ ಎಣ್ಣೆಯೆರೆಯುತ್ತದೆ. ನಾಳೆ ನಿವೃತ್ತರಾಗುವವರು ತಮ್ಮ ಹೊಟ್ಟೆಯ ಚಿಂತೆಯಲ್ಲಿಯೇ ಮುಳುಗಿದರೆ ಈ ದೀಪವನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಸರಕಾರವೂ ಸಮಾಜವೂ ಕೂಡಿ ಆಲೋಚಿಸಬೇಕು.