ಕುದುರೆ, ಎತ್ತು, ಹಳೆಯ ಗಾಡಿ

ವಿಜಯಪುರ ಜಿಲ್ಲೆಯ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಕೂಡಲೇ ಹೊಳೆಯುತ್ತದೆ. ಇಲ್ಲಿ ಊರುಗಳು ದೂರ ದೂರ. ಜಿಲ್ಲಾ ಕೇಂದ್ರದಿಂದ ಬಸವನ ಬಾಗೇವಾಡಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು, ಇಂಡಿಗೆ ಐವತ್ತರ ಆಸುಪಾಸು, ಸಿಂದಗಿಗೆ ಅರವತ್ತು, ಮುದ್ದೇಬಿಹಾಳಕ್ಕೆ ಎಂಬತ್ತರ ಹತ್ತಿರ. ಸೊಲ್ಲಾಪುರ-ಗದಗ ರೈಲು ಹತ್ತೊಂಬತ್ತನೇ ಶತಮಾನದಲ್ಲೇ ಈ ಜಿಲ್ಲೆಯ ಮೂಲಕ ಹಾಯ್ದು ಹೋಯಿತಾದರೂ ಸಿಂದಗಿಗೂ ಮುದ್ದೇಬಿಹಾಳಕ್ಕೂ ಅದರ ಹಳಿ ಮುಟ್ಟಲಿಲ್ಲ. ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳ ಹೆಸರೇ ಹೇಳುತ್ತದೆ, ಊರು ಬೇರೆ ಕಡೆ ಇದೆ ಎಂದು. ಹೀಗಿರುವಾಗ ಇಂಡಿಯ ಮನೆಯಿಂದ ವಿಜಯಪುರದ ಕಚೇರಿಗೆ ಹೋಗುವ ಗುಮಾಸ್ತರು, ಸಿಂದಗಿಯಿಂದ ಯಾವುದೋ ಹಳ್ಳಿಯ ಉರ್ದು ಶಾಲೆಗೆ ಹೋಗುವ ಮೇಷ್ಟ್ರು, ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತೊಯ್ಯುವ ವ್ಯಾಪಾರಿ, ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಪಾಳಿಗೆ ಹೋಗುವ ಹುಡುಗ, ಇವರೆಲ್ಲ ಏನು ಮಾಡಬೇಕು? ಬಸ್ಸು ಉಂಟು. ಆದರೆ ಬಸ್ಸಿನ ವೇಳೆಗೂ ಶಾಲೆಯ ಗಂಟೆಗೂ, ಪಾಳಿಯ ಸೈರನ್ನಿಗೂ ಯಾವಾಗಲೂ ಸಮ ಬೀಳುವುದಿಲ್ಲ. ಹಾಗಾಗಿ ಇವರ ಪಾಲಿಗೆ ಉಳಿದದ್ದು ಮೋಟರ್‌ಸೈಕಲ್. ಅದರಲ್ಲೂ ಹೆಚ್ಚಿನವರಿಗೆ ಹಳೆಯದು, ಅಂದರೆ ಸೆಕೆಂಡ್ ಹ್ಯಾಂಡ್ ಗಾಡಿ.

ಹಳೆಯ ಗಾಡಿ ಕೊಳ್ಳುವುದು ತೀರಾ ಸಾಮಾನ್ಯ ಸಂಗತಿ, ಅದಕ್ಕೇನು ಇತಿಹಾಸ ಎಂದು ಓದುಗರು ಕೇಳಬಹುದು. ಆದರೆ ಇನ್ನೊಬ್ಬನ ಕೈಯಲ್ಲಿ ದುಡಿದ ಸವಾರಿಯನ್ನು ನಾವು ಕೊಳ್ಳುವಾಗ ಏಳುವ ಪ್ರಶ್ನೆಗಳು ಬಹಳ ಹಳೆಯವು. ಇದರ ಐಬು ಏನು? ಇದು ಹೇಳಿದ ಸವಾರಿಯೇ ಹೌದೇ, ಬೇರೆಯದೇ? ನಾಳೆ ತಕರಾರು ಬಂದರೆ ಹೊಣೆ ಯಾರದು? ಈ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಉತ್ತರ ಕಂಡುಕೊಂಡರು.

ಮೊದಲು ಕುದುರೆಯ ಕಾಲ. ಬಿಜಾಪುರದ ಆದಿಲ್‌ಶಾಹಿಗಳಿಗೆ ಅರಬ್ಬೀ ಮತ್ತು ಪರ್ಶಿಯನ್ ಕುದುರೆಗಳು ಸಮುದ್ರದ ಮೇಲಿಂದ ಗೋವಾ ಬಂದರಿಗೆ ಬಂದಿಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಕಸಿದುಕೊಂಡಾಗ ಕೈತಪ್ಪಿದ್ದು ಒಂದು ಬಂದರು ಮಾತ್ರವಲ್ಲ, ಕುದುರೆ ವ್ಯಾಪಾರದ ಬೀಗದ ಕೈ. ಅಷ್ಟು ಬೆಲೆಬಾಳುವ ಪ್ರಾಣಿ ಎಂದ ಮೇಲೆ ಮೋಸವೂ ಅಷ್ಟೇ ಇರುತ್ತದೆ. ಸೈನ್ಯದ ತಪಾಸಣೆಗೆ ಒಳ್ಳೆಯ ಕುದುರೆ ತೋರಿಸಿ ಯುದ್ಧಕ್ಕೆ ಬಡಕಲು ಕುದುರೆ ತರುವವರಿದ್ದರು. ಇದನ್ನು ತಡೆಯಲು ದಿಲ್ಲಿಯಲ್ಲಿ ಅಲಾವುದ್ದೀನ್ ಖಿಲ್ಜಿ (ಆಳ್ವಿಕೆ 1296-1316) ಕುದುರೆಗೆ ಬರೆ ಹಾಕಿ ಗುರುತು ಮಾಡುವ ‘ದಾಗ್’ ಪದ್ಧತಿಯನ್ನೂ ಸವಾರನ ಚಹರೆ ಬರೆದಿಡುವ ‘ಹುಲಿಯಾ’ ಪದ್ಧತಿಯನ್ನೂ ತಂದ. ಮುಂದೆ ಅಕ್ಬರನೂ ದಾಗ್ ಪದ್ಧತಿಯನ್ನು ಮತ್ತೆ ಜಾರಿಗೆ ತಂದ. ಇಂದು ನಮ್ಮ ಗಾಡಿಯ ಕಬ್ಬಿಣದ ಮೇಲೆ ಕೆತ್ತಿರುವ ಚಾಸಿ ನಂಬರು ಆ ದಾಗ್‌ನ ವಂಶದ್ದೇ. ಆರ್‌ಸಿ ಪುಸ್ತಕ ಹುಲಿಯಾದ ಮೊಮ್ಮಗ.

ಕುದುರೆ ಕೊಳ್ಳುವ ಬಗ್ಗೆ ಇಸ್ಲಾಮೀ ಪರಂಪರೆಯಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಖಲೀಫ ಉಮರ್ ಒಬ್ಬನಿಂದ ಕುದುರೆಯನ್ನು ವ್ಯಾಪಾರ ಮಾಡಿ, ಪರೀಕ್ಷೆಗೆಂದು ಸವಾರಿಗೆ ಒಯ್ದರಂತೆ. ದಾರಿಯಲ್ಲಿ ಕುದುರೆಗೆ ಪೆಟ್ಟಾಯಿತು. ಉಮರ್ ಅದನ್ನು ಹಿಂದಿರುಗಿಸ ಹೋದಾಗ ಮಾಲೀಕ ಒಪ್ಪಲಿಲ್ಲ. ಇಬ್ಬರೂ ಶುರೈಹ್ ಎಂಬುವರನ್ನು ಪಂಚರನ್ನಾಗಿ ಒಪ್ಪಿಕೊಂಡರು. ಕೊಂಡದ್ದನ್ನು ಇಟ್ಟುಕೊಳ್ಳಿ, ಇಲ್ಲವೇ ಒಯ್ದ ಸ್ಥಿತಿಯಲ್ಲೇ ಹಿಂದೆ ಕೊಡಿ ಎಂಬುದು ಶುರೈಹರ ತೀರ್ಪು. ತನ್ನ ವಿರುದ್ಧ ಬಂದ ಈ ತೀರ್ಪನ್ನು ಮೆಚ್ಚಿದ ಖಲೀಫರು ಅವರನ್ನೇ ಕೂಫಾ ಪಟ್ಟಣದ ಕಾಜಿಯನ್ನಾಗಿ ನೇಮಿಸಿದರು ಎಂದು ಹೇಳುತ್ತಾರೆ. ಗಾಡಿಯನ್ನು ‘ಒಂದು ರೌಂಡ್ ಹೊಡೆದು ಬರ್ತೀನಿ’ ಎಂದು ಒಯ್ಯುವ ಪ್ರತಿಯೊಬ್ಬನಿಗೂ ಇದು ಪಾಠ. ಇನ್ನೊಂದು ಕಡೆ, ಮಾರುವವನು ಮುಚ್ಚಿಟ್ಟ ಐಬು ಬಯಲಾದರೆ ಕೊಂಡವನಿಗೆ ಸರಕನ್ನು ಹಿಂದಿರುಗಿಸುವ ಹಕ್ಕಿದೆ ಎಂದು ಫಿಕ್ಹ್ ಹೇಳುತ್ತದೆ. ಅದಕ್ಕೆ ‘ಖಿಯಾರುಲ್ ಐಬ್’ ಎಂದು ಹೆಸರು. ಅಂದರೆ ಕೊಳ್ಳುವವನ ಹೊಣೆ ಬೇರೆ, ಮಾರುವವನ ಹೊಣೆ ಬೇರೆ. ಎರಡೂ ಕೂಡಿದರೇ ನ್ಯಾಯದ ವ್ಯಾಪಾರ.

ಕುದುರೆ ದೊರೆಗಳದ್ದಾದರೆ ಎತ್ತು ರೈತರದ್ದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಯನ್ನು ಕಂಡವರಿಗೆ ನಮ್ಮ ಸೀಮೆಯ ಜನ ಎಷ್ಟು ಜಾಣ ಗಿರಾಕಿಗಳು ಎಂಬುದು ಗೊತ್ತು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ದವಡೆ ಬಿಡಿಸಿ ನೋಡುತ್ತಾರೆ. ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ದಲಾಲಿ ವಲ್ಲಿಯ ಕೆಳಗೆ ಕೈಯಿಟ್ಟು ಬೆರಳಿನಲ್ಲೇ ಬೆಲೆ ಮುರಿಯುತ್ತಾನೆ. ಅಲ್ಲಿ ಕಾಗದವಿಲ್ಲ. ಹತ್ತು ಜನರ ಮುಂದೆ ಆದ ಮಾತೇ ಕಾಗದ. ಈ ರೂಢಿಯ ಒಳ್ಳೆಯದೂ ಕೆಟ್ಟದ್ದೂ ಮುಂದೆ ಮೋಟರ್‌ಸೈಕಲ್ ವ್ಯಾಪಾರಕ್ಕೆ ಹಾಗೆಯೇ ಇಳಿದು ಬಂದವು.

ಮೋಟರ್‌ಸೈಕಲ್ ನಮ್ಮ ದೇಶದಲ್ಲಿ ಬಹುಕಾಲ ದೊಡ್ಡವರ ಸವಾರಿಯಾಗಿತ್ತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಕಾರ್ಖಾನೆ ಬಂತು. 1961ರಲ್ಲಿ ನಮ್ಮದೇ ಮೈಸೂರಿನಲ್ಲಿ ಐಡಿಯಲ್ ಜಾವಾ ಶುರುವಾಯಿತು. 1973ರಿಂದ ಅದು ‘ಯೆಜ್ಡಿ’ ಎಂಬ ಹೆಸರು ಪಡೆಯಿತು. ರಾಜದೂತ್ ಬಂತು. ಪೆಟ್ರೋಲನ್ನು ನೀರಿನಂತೆ ಕುಡಿಯುವ ಈ ಫಟಫಟಿಗಳು ಸಾಹುಕಾರರ, ಅಧಿಕಾರಿಗಳ ಅಂಗಳದಲ್ಲಿ ನಿಲ್ಲುತ್ತಿದ್ದವು. ಉಳಿದವರಿಗೆ ಸೈಕಲ್ಲು, ಮುಂದೆ 1972ರಲ್ಲಿ ಬಂದ ಲೂನಾ. ಸ್ಕೂಟರ್ ಬೇಕೆಂದರೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿದ್ದ ಲೈಸೆನ್ಸ್ ರಾಜ್ಯದ ದಿನಗಳವು. ಹೊಸದು ಸಿಗದ ಕಾಲದಲ್ಲಿ ಹಳೆಯದಕ್ಕೂ ಹೊಸದರ ಬೆಲೆ.

ಚಿತ್ರ ಬದಲಾದದ್ದು ಎಂಬತ್ತರ ದಶಕದಲ್ಲಿ, ಜಪಾನಿ ಕಂಪನಿಗಳ ಸಹಯೋಗಕ್ಕೆ ಬಾಗಿಲು ತೆರೆದಾಗ. ಇಂಡ್-ಸುಜುಕಿ, ಯಮಹಾ ಆರ್‌ಎಕ್ಸ್ 100, ಕಾವಾಸಾಕಿ ಬಜಾಜ್ ಒಂದರ ಹಿಂದೆ ಒಂದು ಬಂದವು. ಇವೆಲ್ಲ ಟೂ-ಸ್ಟ್ರೋಕ್, ಓಟ ಚುರುಕು, ಹೊಟ್ಟೆಯೂ ದೊಡ್ಡದು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮಾತ್ರ ಫೋರ್-ಸ್ಟ್ರೋಕ್. ಐವತ್ತು ಮಿಲಿಮೀಟರ್ ಬೋರು, 97.2 ಸಿಸಿಯ ಆ ಪುಟ್ಟ ಎಂಜಿನ್ನು ಓಡಿದ್ದು ನಿಧಾನವಾಗಿ, ಆದರೆ ಗೆದ್ದಿತು. 1994ರಲ್ಲಿ ಸ್ಪ್ಲೆಂಡರ್ ಬಂದಾಗ ಅದರೊಳಗೆ ಕೂತದ್ದು ಇದೇ ಅಳತೆಯ ಎಂಜಿನ್. ಹೀರೋ ಮತ್ತು ಹೋಂಡಾ ಬೇರೆಯಾದ ಮೇಲೂ ಅಳತೆ ಬದಲಾಗಲಿಲ್ಲ. ಮೂರ್ನಾಲ್ಕು ದಶಕ ಒಂದೇ ಅಳತೆ ಉಳಿದಿದ್ದರ ಫಲವೇನೆಂದರೆ, ದೇವರ ಹಿಪ್ಪರಗಿಯಲ್ಲಾಗಲಿ ತಾಳಿಕೋಟೆಯಲ್ಲಾಗಲಿ ಸಣ್ಣ ಗ್ಯಾರೇಜಿನ ಮಿಸ್ತ್ರಿಗೂ ಅದರ ನಾಡಿ ಗೊತ್ತು, ಅದರ ಸಾಮಾನು ಅವನ ಡಬ್ಬಿಯಲ್ಲೇ ಇರುತ್ತದೆ. ಬಜಾಜಿನ ಬಾಕ್ಸರ್, ಸಿಟಿ 100, ಪ್ಲಾಟಿನಾಗಳೂ ಟಿವಿಎಸ್ ಕಂಪನಿಯ ಗಾಡಿಗಳೂ ಇದೇ ದಾರಿ ಹಿಡಿದವು. ಇತ್ತ 1996ರಲ್ಲಿ ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿತು. 2000ದಿಂದ ಬಿಗಿಯಾದ ಹೊಗೆಯ ನಿಯಮಗಳು ಟೂ-ಸ್ಟ್ರೋಕ್ ಗಾಡಿಗಳನ್ನು ಮೆಲ್ಲಗೆ ಹೊರಗಟ್ಟಿದವು.

ದಿನನಿತ್ಯ ದೂರ ಹೋಗುವವನಿಗೆ ಇದರ ಅರ್ಥವೇನು? ಒಂದು ಸಣ್ಣ ಲೆಕ್ಕ ಮಾಡೋಣ. ಇಂಡಿ-ವಿಜಯಪುರ ಹೋಗಿಬರಲು ದಿನಕ್ಕೆ 110 ಕಿ.ಮೀ. ಹಿಡಿದರೆ, ತಿಂಗಳಿಗೆ 26 ದಿನದಂತೆ 2,860 ಕಿ.ಮೀ. ಲೀಟರಿಗೆ 60 ಓಡುವ ಗಾಡಿಗೆ ಸುಮಾರು 48 ಲೀಟರ್ ಬೇಕು. ಅದೇ 40 ಓಡುವ ಗಾಡಿಗೆ 71 ಲೀಟರಿಗೂ ಮೇಲೆ. ಪೆಟ್ರೋಲಿಗೆ ನೂರು ರೂಪಾಯಿ ಎಂದರೂ ತಿಂಗಳಿಗೆ 2,400 ರೂಪಾಯಿ ವ್ಯತ್ಯಾಸ. ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ಎಂಜಿನ್ನಿನ ಗಾಡಿ ತಂದವನು ಉಳಿಸಿದ ಹಣವನ್ನು ಪಂಪಿನಲ್ಲೇ ಸುರಿಯುತ್ತಾನೆ. ವರ್ಷಕ್ಕೆ ಓಟ 34 ಸಾವಿರ ಕಿಲೋಮೀಟರ್! ಆದ್ದರಿಂದ ಗಾಡಿ ಎಷ್ಟು ವರ್ಷದ್ದು ಎನ್ನುವುದಕ್ಕಿಂತ ಯಾರ ಕೈಯಲ್ಲಿ ಎಷ್ಟು ದುಡಿದಿದೆ ಎಂಬುದೇ ಮುಖ್ಯ. ಎಂಟು ವರ್ಷ ಊರೊಳಗೇ ಓಡಾಡಿದ ಗಾಡಿ, ಮೂರು ವರ್ಷ ಊರೂರು ತಿರುಗಿದ ಗಾಡಿಗಿಂತ ಎಳೆಯದಾಗಿರಬಹುದು.

ಎತ್ತಿನ ಹಲ್ಲನ್ನು ಯಾರೂ ತಿದ್ದಲಾರರು. ಮೀಟರಿನ ಅಂಕಿಯನ್ನು ತಿದ್ದಬಹುದು, ಕೇಬಲ್ ಕಳಚಿಟ್ಟು ಓಡಿಸಲೂಬಹುದು. ಹಾಗಾಗಿ ಗಾಡಿಯ ಹಲ್ಲನ್ನು ಬೇರೆ ಕಡೆ ಹುಡುಕಬೇಕು. ಕಾಲಿಡುವ ರಬ್ಬರು ನುಣ್ಣಗಾಗಿ, ಬ್ರೇಕ್ ಪೆಡಲ್ ಸವೆದು ಹೊಳೆಯುತ್ತಿದ್ದರೆ ಮೀಟರಿನ ಹದಿನೈದು ಸಾವಿರವನ್ನು ನಂಬಬಾರದು. ಚೈನ್ ಸ್ಪ್ರಾಕೆಟ್ಟಿನ ಹಲ್ಲು ಮುಳ್ಳಿನಂತೆ ಚೂಪಾಗಿದೆಯೇ ನೋಡಬೇಕು. ಮುಂಜಾನೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಕೈಯಿಂದ ಮುಟ್ಟಿ, ಆಮೇಲೆ ಕಿಕ್ ಹೊಡೆಯಬೇಕು. ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಒಳಗೆ ಏನೋ ಇದೆ ಎಂದರ್ಥ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬೋರು-ರಿಂಗಿನ ಖರ್ಚು ಬಾಗಿಲಲ್ಲೇ ಕಾದಿದೆ. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿ ಹಿಡಿದರೆ ಕೋನ್ ಸೆಟ್ ಹೋಗಿದೆ. ಚಾಸಿಯಲ್ಲಿ ವೆಲ್ಡಿಂಗ್ ಗುರುತಿದ್ದರೆ, ಹೊಸ ಬಣ್ಣ ಅಲ್ಲೊಂದು ಇಲ್ಲೊಂದು ಇದ್ದರೆ ಅಪಘಾತದ ಗಾಡಿ ಇರಬಹುದು. ಅದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು.

ಇನ್ನೊಂದು ಮಾತು. 2020ರ ಏಪ್ರಿಲ್ ಒಂದರಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆ, ಓಟ ಹಿತ. ಆದರೆ ಅದು ಕೆಟ್ಟರೆ ಸ್ಪ್ಯಾನರ್ ಸಾಲದು, ಸ್ಕ್ಯಾನರ್ ಬೇಕು. ಮನೆಯಿಂದ ಕೆಲಸದವರೆಗಿನ ದಾರಿಯಲ್ಲಿ ಯಾವ ಮಿಸ್ತ್ರಿ ಇದ್ದಾನೆ, ಅವನಿಗೆ ಯಾವ ಗಾಡಿ ಗೊತ್ತು ಎಂದು ನೋಡಿ ಗಾಡಿ ಆರಿಸುವುದು ಜಾಣತನ. ಒಳ್ಳೆಯ ಹೆಡ್‌ಲೈಟು, ಒಳ್ಳೆಯ ಟೈರು, ಸರಿಯಾದ ಬ್ರೇಕು, ಈ ಮೂರಕ್ಕೆ ಚೌಕಾಶಿ ಬೇಡ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಎರಡೆರಡು ಟ್ರಾಲಿ ಕಟ್ಟಿಕೊಂಡು ಸಾಗುವ ಟ್ರ್ಯಾಕ್ಟರುಗಳು ನಮ್ಮ ರಸ್ತೆಗಳಲ್ಲಿ ರಾತ್ರಿ ಎದುರಾಗುತ್ತವೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದವರು. ಗಾಡಿ ಹಳೆಯದಿರಲಿ, ಹೆಲ್ಮೆಟ್ ಮಾತ್ರ ಹೊಸದಿರಲಿ.

ಇಷ್ಟೆಲ್ಲ ನೋಡುವ ನಮ್ಮ ಜನ ಎಡವುವುದು ಮೂರನೆಯ ಪ್ರಶ್ನೆಯಲ್ಲಿ, ಅಂದರೆ ಕಾಗದದಲ್ಲಿ. ಎತ್ತಿನ ಸಂತೆಯ ಬಾಯಿಮಾತಿನ ರೂಢಿ ಇಲ್ಲಿ ಮುಳುವಾಗಿದೆ. ‘ಅಣ್ಣಾ, ನಮ್ಮ ನಿಮ್ಮ ನಡುವೆ ಕಾಗದ ಯಾಕ?’ ಎನ್ನುವುದು, ಖಾಲಿ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಸೀಟಿನ ಕೆಳಗೆ ಇಟ್ಟುಕೊಳ್ಳುವುದು, ಅದೇ ಸಹಿಯ ಮೇಲೆ ಮೂರು ಕೈ ದಾಟಿಸುವುದು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮಹತ್ವದ ತೀರ್ಪು ಕೊಟ್ಟಿತು. ಕೈಯಿಂದ ಕೈಗೆ ಮಾರಾಟವಾಗುತ್ತ ಹೋದ ಕಾರೊಂದರ ಅಪಘಾತದ ಪ್ರಕರಣವದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು. ಎಂದೋ ಮಾರಿ ಮರೆತ ಗಾಡಿ ಯಾರದೋ ಜೀವ ತೆಗೆದರೆ ಲಕ್ಷಗಟ್ಟಲೆ ಪರಿಹಾರದ ನೋಟೀಸು ಹಳೆಯ ಮಾಲೀಕನ ಮನೆಗೆ ಬರುತ್ತದೆ. ಕೊಂಡವನಿಗೂ ಸುಖವಿಲ್ಲ. ಗಾಡಿ ಕಳವಾದರೆ ವಿಮೆ ಕೇಳಲು ಅವನಿಗೆ ಹೆಸರಿಲ್ಲ.

ಗಡಿಯ ಜಿಲ್ಲೆಯಾದ್ದರಿಂದ ಸೊಲ್ಲಾಪುರದ ಎಂಎಚ್-13 ಗಾಡಿಗಳು ಇಂಡಿ ಕಡೆ ಅಗ್ಗಕ್ಕೆ ಸಿಗುತ್ತವೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆ ತರಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲೇ ಓಡಿಸುವುದಾದರೆ ಇಲ್ಲಿನ ತೆರಿಗೆ ಕಟ್ಟಿ ಕೆಎ-28 ನಂಬರು ಪಡೆಯಬೇಕು. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದ 35ನೇ ನಮೂನೆಯನ್ನೂ ಕೇಳಬೇಕು. ಇವೆಲ್ಲವನ್ನೂ ಕೂಡಿಸಿದ ಮೇಲೆ ಅಗ್ಗ ಎಷ್ಟು ಉಳಿಯಿತು ಎಂದು ನೋಡಬೇಕು.

ನಮ್ಮ ಸಮಾಜದಲ್ಲಿ ಹಳೆಯ ಗಾಡಿಯನ್ನು ನಗದಿಗೆ ಕೊಳ್ಳುವವರು ಹೆಚ್ಚು. ಬಡ್ಡಿಯ ಸಾಲ ಬೇಡವೆಂಬ ಧರ್ಮಶ್ರದ್ಧೆ ಒಂದು ಕಾರಣ, ಸಂತೆಯ ವ್ಯಾಪಾರಿಗೆ ತಿಂಗಳ ಕಂತು ಕಟ್ಟುವ ಖಾತ್ರಿ ಇಲ್ಲದಿರುವುದು ಇನ್ನೊಂದು. ಭಿಶಿ ಹಾಕಿ, ಹೆಂಡತಿಯ ಗಂಟಿನ ಹಣ ಸೇರಿಸಿ ಕೊಂಡ ಆ ಗಾಡಿಯೇ ಅನೇಕ ಮನೆಗಳ ರೋಜಿ. ಬಡ್ಡಿ ಹರಾಮ್ ಎಂದು ನಾವು ಚೆನ್ನಾಗಿ ನೆನಪಿಟ್ಟಿದ್ದೇವೆ. ಆದರೆ ಕುರ್‌ಆನಿನ ಅತ್ಯಂತ ದೀರ್ಘ ಆಯತ್, ಅಲ್ ಬಕರ ಅಧ್ಯಾಯದ 282ನೆಯದು, ನಮಾಜ್ ರೋಜಾಗಳ ಬಗ್ಗೆ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ ಎಂಬುದನ್ನು ಮರೆಯುತ್ತೇವೆ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಇಬ್ಬರ ನಂಬಿಕೆಯನ್ನೂ ಕಾಪಾಡುವ ಬೇಲಿ ಅದು.

ಒಮ್ಮೆ ಪ್ರವಾದಿಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಗುಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಪ್ರಸಂಗವಿದೆ. ಕಾಯಕದ ಶುದ್ಧಿಯನ್ನು ಸಾರಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲಕ್ಕೂ ಈ ಮಾತು ಹೊಸದೇನಲ್ಲ. ಗಾಡಿ ಮಾರುವಾಗ ಆಯಿಲ್ ಸುಡುತ್ತದೆ, ಒಮ್ಮೆ ಬಿದ್ದಿದೆ ಎಂದು ಮೊದಲೇ ಹೇಳಿದರೆ ಎರಡು ಸಾವಿರ ಕಡಿಮೆ ಬಂದೀತು. ಹೇಳದಿದ್ದರೆ ಅದೇ ಗಾಡಿಯ ಮೇಲೆ ಒಬ್ಬ ತಂದೆ ಇರುಳಿನಲ್ಲಿ ಸಿಂದಗಿಯ ದಾರಿ ಹಿಡಿದಿರುತ್ತಾನೆ. ಅವನು ಕ್ಷೇಮವಾಗಿ ಮನೆ ಮುಟ್ಟುವುದರಲ್ಲಿ ಮಾರಿದವನ ಪಾಲೂ ಇದೆ.