ನಿಲ್ಲುವ ಜಾಗ ಬಲ್ಲ ಓದು

ಮಕ್ಕಳಿಗೆ ಭಾವ ತುಂಬಿ ಗಟ್ಟಿಯಾಗಿ ಓದಲು ಕಲಿಸುವುದು ವಾರ್ಷಿಕೋತ್ಸವದ ವೇದಿಕೆಗೆ ಬೇಕಾದ ಅಲಂಕಾರ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಮೈಸೂರಿನಲ್ಲಿ ಉಳಿದು ಬಂದಿರುವ ಹಳೆಯ ಬರಹಗಳು ಬೇರೆಯದನ್ನೇ ಹೇಳುತ್ತವೆ. 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಆರಂಭವಾದ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಸಾವಿರಾರು ಓಲೆಗರಿಗಳನ್ನು ಕಾಪಾಡಿಕೊಂಡು ಬಂದಿದೆ. ಹಳೆಯ ಕನ್ನಡ ಕಾವ್ಯದ ಒಂದು ಗರಿಯನ್ನು ನೋಡಿದರೆ ಅಕ್ಷರದ ಬೆನ್ನಿಗೆ ಅಕ್ಷರ ಅಂಟಿಕೊಂಡು ಸಾಗುತ್ತದೆ. ಪದಗಳ ನಡುವೆ ತೆರಪಿಲ್ಲ, ಅಲ್ಪವಿರಾಮವಿಲ್ಲ, ಪ್ರಶ್ನೆಯ ಗುರುತಿಲ್ಲ. ಎಷ್ಟೋ ಗರಿಗಳಲ್ಲಿ ಒಕಾರ, ಓಕಾರಗಳ ಭೇದವೂ ಇಲ್ಲ. ‘ಕೊಡು’ ಎಂದೋ ‘ಕೋಡು’ ಎಂದೋ ಓದುವವನೇ ತೀರ್ಮಾನಿಸಬೇಕು. ಇಂಥ ಬರಹಕ್ಕೆ ಕಣ್ಣೊಂದೇ ಸಾಲದು. ಬಾಯಿ ಉಚ್ಚರಿಸಿ, ಕಿವಿ ಕೇಳಿ, ಪದ ಬಿಡಿಸಿಕೊಂಡಾಗಲೇ ಅರ್ಥ ಕೈಗೆ ಸಿಗುತ್ತಿತ್ತು. ಅಲ್ಲಿ ದನಿಯೇ ಅರ್ಥ ಹುಡುಕುವ ಸಾಧನ.

ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಂದೇ ಉಸಿರಿನಲ್ಲಿ ಹೆಸರಿಸಿದ ಪರಂಪರೆ ನಮ್ಮದು. ಕಾವ್ಯ ಓದುವವನಿಗೆ, ಅಂದರೆ ಗಮಕಿಗೆ, ಕವಿಯ ಪಕ್ಕದಲ್ಲೇ ಆಸನ ಕೊಟ್ಟದ್ದಕ್ಕೆ ಕಾರಣವಿದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಆದರೆ ಗಣ ಮುಗಿದಲ್ಲೆಲ್ಲ ಪದ ಮುಗಿಯುವುದಿಲ್ಲ. ‘ಮರಳಿದನು’ ಎಂಬ ಮಾತು ಸಾಲಿನ ಮೊದಲಿಗೆ ಬಂದರೆ ಮೊದಲ ಗಣ ‘ಮರಳಿ’ಗೇ ತುಂಬಿಹೋಗುತ್ತದೆ. ಲಯಕ್ಕೆ ಜೋತುಬಿದ್ದ ಮಗು ಅಲ್ಲೇ ನಿಂತು, ‘ದನು’ವನ್ನು ಮುಂದಿನ ಮಾತಿಗೆ ಅಂಟಿಸುತ್ತದೆ, ಕೇಳುವವರಿಗೆ ಕಥೆಯೇ ತಪ್ಪಿಹೋಗುತ್ತದೆ. ಲಯ ಕೆಡದಂತೆ, ಪದ ಮುರಿಯದಂತೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಬಲ್ಲವನೇ ಗಮಕಿ. ಗಮಕದಲ್ಲಿ ರಾಗವಿದ್ದರೂ ತಾಳದ ಕಟ್ಟಿಲ್ಲದಿರುವುದು ಇದಕ್ಕಾಗಿಯೇ: ನಿಲ್ಲುವ ಸ್ವಾತಂತ್ರ್ಯ ಅರ್ಥಕ್ಕೆ ಸೇರಿದ್ದು.

ಹಿಂದಿನದನ್ನೆಲ್ಲ ಹೀಗೆ ಹೊಗಳುವುದು ಸರಿಯೇ ಎಂದು ಕೇಳಬಹುದು. ಹಳೆಯ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ ಮಕ್ಕಳು ಜೈಮಿನಿ ಭಾರತವನ್ನೂ ಅಮರಕೋಶವನ್ನೂ ಉರುಹೊಡೆಯುತ್ತಿದ್ದರು. ಒಕ್ಕೊರಲಿನ ಆ ಒಪ್ಪಿಸುವಿಕೆಯಲ್ಲಿ ಅರ್ಥಕ್ಕಿಂತ ನೆನಪಿನದೇ ಮೇಲುಗೈ. ಹೆಚ್ಚಿನ ಹೆಣ್ಣುಮಕ್ಕಳಿಗೂ, ಕೆಳಗೆ ತಳ್ಳಲ್ಪಟ್ಟ ಜಾತಿಗಳ ಮಕ್ಕಳಿಗೂ ಅಲ್ಲಿ ಜಾಗವಿರಲಿಲ್ಲ. ಇದು ನಿಜ, ಇದು ಅನ್ಯಾಯ. ಆದರೆ ಅನ್ಯಾಯವಿದ್ದದ್ದು ಓದುವ ಕಲೆಯಲ್ಲಲ್ಲ, ಅದನ್ನು ಕೆಲವರಿಗಷ್ಟೇ ಮೀಸಲಿಟ್ಟದ್ದರಲ್ಲಿ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಒಂದು ಬಾಗಿಲು ತೆರೆಯಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಆರಂಭಿಸಿದಾಗ, ಅಕ್ಷರ ಬಾರದವರನ್ನೂ ತಲುಪಬಲ್ಲ ದಾರಿಯೊಂದು ದನಿಗೆ ಸಿಕ್ಕಿತು. ಬಾಗಿಲುಗಳು ತೆರೆಯುತ್ತಿದ್ದ ಕಾಲದಲ್ಲೇ ತರಗತಿಯೊಳಗಿನ ಓದು ಸಪ್ಪೆಯಾಗುತ್ತ ಬಂದದ್ದು ನಮ್ಮ ನಷ್ಟ.

ಅಚ್ಚು ಬಂದ ಮೇಲೆ ತೆರಪೂ ಚಿಹ್ನೆಗಳೂ ಬಂದವಲ್ಲ, ಇನ್ನು ದನಿಯ ಹಂಗೇಕೆ ಎಂಬುದು ಇನ್ನೊಂದು ಆಕ್ಷೇಪ. ‘ಅವನಲ್ಲಿಲ್ಲ’ ಎಂಬ ಒಂದು ಮಾತನ್ನೇ ನೋಡಿ. ‘ಅವನು ಅಲ್ಲಿ ಇಲ್ಲ’ ಎಂದೂ ಆಗಬಹುದು, ‘ಅವನಲ್ಲಿ ಆ ಗುಣ ಇಲ್ಲ’ ಎಂದೂ ಆಗಬಹುದು. ಯಾವುದೆಂದು ಯಾವ ಚಿಹ್ನೆಯೂ ಹೇಳದು. ಒತ್ತು ಬೀಳುವ ಜಾಗ ಹೇಳುತ್ತದೆ. ಸಂಧಿಯಲ್ಲಿ ಪದ ಕೂಡಿಸುವ ಕನ್ನಡದಲ್ಲಿ ಓಲೆಗರಿಯ ಗುಣ ಇನ್ನೂ ಸ್ವಲ್ಪ ಉಳಿದೇ ಇದೆ. ಮೌನ ಓದು ವೇಗವಾದದ್ದು, ದೊಡ್ಡವರಿಗೆ ಅದೇ ಸಾಕು. ಆದರೆ ಮೌನವಾಗಿ ಪುಟ ಮಗುಚುವ ಮಗುವಿಗೆ ಎಷ್ಟು ತಿಳಿಯಿತೆಂದು ಆ ಕ್ಷಣದಲ್ಲಿ ಮೇಷ್ಟರಿಗೆ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಓದುವಾಗ ತಪ್ಪು ಜಾಗದಲ್ಲಿ ನಿಂತ ಉಸಿರೇ ಅದನ್ನು ತೋರಿಸಿಕೊಡುತ್ತದೆ. ಆದ್ದರಿಂದ ‘ಭಾವ ತುಂಬಿ ಓದು’ ಎಂದು ಹೇಳುವ ಮೊದಲು ‘ಈ ಪದವನ್ನು ಎಲ್ಲಿ ಬಿಡಿಸಬೇಕು, ಈ ಮಾತು ಯಾರದು’ ಎಂದು ಕೇಳಬೇಕು. ಆ ಉತ್ತರ ಸಿಕ್ಕ ಮಗುವಿನ ದನಿಗೆ ಭಾವ ತಾನಾಗಿ ಬರುತ್ತದೆ.